ಅಮ್ಮ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ

ಭಾನುವಾರ ರಾತ್ರಿ ಕೊಡಗಿನ ಸುಂಟಿಕೊಪ್ಪ ಕಡೆ ಒಂದು ಬಾರ್ಬೆಕ್ಯೂ ಜಾಗಕ್ಕೆ ಊಟಕ್ಕೆ ಹೋಗಿದ್ದೆವು. ಅಪ್ಪ, ಅಮ್ಮ, ಚಿಕ್ಕಪ್ಪನ ಮನೆಯವರು, ನಾವು, ಒಟ್ಟು ಒಂಬತ್ತು ಜನ. ಕಾಫಿ ತೋಟದ ಅಂಚು. ಸಿಲ್ವರ್ ಓಕ್ ಮರಗಳಿಗೆ ಬಲ್ಬಿನ ಸರ. ಒಂದು ಮೂಲೆಯಲ್ಲಿ ಬಾರ್, ಇನ್ನೊಂದು ಮೂಲೆಯಲ್ಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಇದ್ದಿಲ ಒಲೆ. ಚಳಿ ಜಾಸ್ತಿ ಇತ್ತು, ಎಲ್ಲರೂ ಒಲೆ ಹತ್ತಿರದ ಬೆಂಚಿಗೇ ಸೇರಿಕೊಂಡೆವು. ಹಂದಿಯ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗಲೆಲ್ಲ ಚುರ್ ಅಂತ ಬೆಂಕಿ ಏಳುತ್ತಿತ್ತು. ಒಲೆ ನೋಡಿಕೊಳ್ಳುವ ಹುಡುಗ ಇಕ್ಕಳದಲ್ಲಿ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಬೆಂಕಿ ತಗ್ಗಿದ ಮೇಲೆ ಮತ್ತೆ ಎಳೆದುಕೊಳ್ಳುತ್ತಿದ್ದ.

ಚಿಕ್ಕಪ್ಪ ಅಲ್ಲಿಂದಲೇ ಮನೆ ಗ್ರೂಪಿಗೆ ಫೋಟೊ ಹಾಕಿದರು. ಬೆಳಿಗ್ಗೆ ಆರೂವರೆಗೆ ದೊಡ್ಡತ್ತೆಯ ಫಾರ್ವರ್ಡ್ ಬಂತು.

"ಎಚ್ಚರ!! ಬಾರ್ಬೆಕ್ಯೂ ಹಂದಿ ಮಾಂಸ ತಿಂದ ಯುವಕನ ಮೆದುಳಲ್ಲಿ ನೂರಾರು ಹುಳ! ನಿಮ್ಮವರನ್ನು ಉಳಿಸಿಕೊಳ್ಳಲು ಹತ್ತು ಜನರಿಗೆ ಕಳಿಸಿ." ಕೆಳಗೆ ತಲೆಯ ಸ್ಕ್ಯಾನು, ತುಂಬ ಬಿಳಿ ಚುಕ್ಕೆಗಳು.

ಮೊದಲು ಎದ್ದು ಕೇಳಿದವಳು ತಂಗಿ, ಚಿಕ್ಕಪ್ಪನ ಮಗಳು. ಮೈಸೂರಲ್ಲಿ ಲ್ಯಾಬ್ ಕೆಲಸ ಅವಳದ್ದು. "ಅತ್ತೆ, ಯಾವ ಊರು? ಯಾವ ಆಸ್ಪತ್ರೆ? ಯಾವ ವರ್ಷ? ಒಂದೂ ಇಲ್ಲವಲ್ಲ."

ದೊಡ್ಡತ್ತೆ: "ಎಲ್ಲದಕ್ಕೂ ಪ್ರೂಫ್ ಕೇಳ್ಬೇಡ ಮಗಳೇ. ಒಳ್ಳೇದಕ್ಕೆ ಹೇಳಿದ್ದು."

ದೊಡ್ಡಪ್ಪ: "ಹುಳದ ಮಾತು ಹಾಗಿರಲಿ. ಹೆಂಗಸರು ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಾರಿಗೆ ಹೋಗೋದು ನಮ್ಮ ಮನೇಲಿ ಯಾವಾಗ ಶುರುವಾಯ್ತು?"

ಚಿಕ್ಕಮ್ಮ: "ಭಾವ, ನಾನು ಕುಡಿದಿದ್ದು ನಿಂಬೆ ಸೋಡ."

ದೊಡ್ಡಪ್ಪ: "ನಾನು ನಿನ್ನ ಹೆಸರು ಹೇಳಿಲ್ಲಮ್ಮ."

ಅಲ್ಲಿಂದ ಮಾತು ಕೈ ತಪ್ಪಿತು. ತಂಗಿ ಉದ್ದಕ್ಕೆ ವಿವರಿಸಿ ಬರೆದಳು. ಅದರ ಕೆಳಗೇ ಬೆಂಗಳೂರಿನ ಅಣ್ಣ ಅಜ್ಜಿ ಮನೆಗೆ ಹೊರಟ. "ಒಲೆ ಮೇಲಿನ ಅಟ್ಟ ನೆನಪಿದ್ಯಾ? ಮಳೆಗಾಲಕ್ಕೆ ಅಂತ ಮಾಂಸ ಹೊಗೆಗೆ ಒಣಗ್ತಿತ್ತು. ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಕೊಡೋರು. ಯಾರಿಗೆ ಏನಾಗಿತ್ತು ಆಗ?" ಹೃದಯದ ಗುರುತುಗಳು ಸುರಿದವು. ನಾನೂ ಆ ಒಲೆಯ ಬಗ್ಗೆ ಎರಡು ಮೆಸೇಜ್ ಹಾಕಿದೆ. ಆ ಹೊಗೆಯ ವಾಸನೆ ನೆನಪಾದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಆಗ ದೊಡ್ಡತ್ತೆ ಬರೆದರು. "ಅಜ್ಜಿ ಇದ್ದಿದ್ರೆ ಒಬ್ಬರನ್ನ ಬಿಟ್ಟು ಒಬ್ಬರು ಊಟಕ್ಕೆ ಹೋಗ್ತಿರಲಿಲ್ಲ."

ಅಲ್ಲಿಗೆ ನನಗೆ ಅರ್ಥ ಆಯ್ತು. ಅತ್ತೆ ಇರೋದು ಮಾದಾಪುರದಲ್ಲಿ, ಸುಂಟಿಕೊಪ್ಪಕ್ಕೆ ಎಷ್ಟು ದೂರ? ನಾವು ಯಾರೂ ಅವರಿಗೆ ಒಂದು ಫೋನ್ ಮಾಡಿರಲಿಲ್ಲ. ಅದು ತಪ್ಪೇ. ಆದರೆ ಚಿಕ್ಕಪ್ಪ ಅಷ್ಟರಲ್ಲಿ, "ಅಕ್ಕ, ಕರೆದಾಗಲೂ ನೀವು ಕೊರತೇನೇ ಹೇಳೋದು" ಅಂತ ಹಾಕಿಬಿಟ್ಟರು. ತಗೊಳ್ಳಿ, ಚಿಕ್ಕಪ್ಪನ ಮಗನ ಮದುವೆ ಎದ್ದು ಬಂತು. ಅವತ್ತು ಅತ್ತೆಯ ಕಡೆಯವರು ಕೂತ ಪಂಕ್ತಿಗೆ ಪಂದಿ ಕರಿ, ಅಂದರೆ ಹಂದಿ ಸಾರು, ಮುಗಿದಿತ್ತು, ಬರೀ ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ ಮತ್ತು ಕೋಳಿ ಸಾರು. "ಹೇಳಿದ್ದಕ್ಕಿಂತ ನಲವತ್ತು ಜನ ಜಾಸ್ತಿ ಬಂದಿದ್ರು." "ಎಣಿಸಿದ್ದು ಯಾರು?" ಹೀಗೇ ಮಧ್ಯಾಹ್ನದವರೆಗೆ.

ನಡುವೆ ಅತ್ತೆ, "ಹುಳ ಇಲ್ಲದಿದ್ರೆ ಕ್ಯಾನ್ಸರ್ ಅಂತೂ ಗ್ಯಾರಂಟಿ" ಅಂದರು. ತಂಗಿ ಅದಕ್ಕೂ ಉತ್ತರ ಕೊಟ್ಟಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಾಸೇಜ್, ಬೇಕನ್ ತರಹದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ಹಂದಿ, ಕುರಿ, ದನದ ಮಾಂಸವನ್ನು 'ಬಹುಶಃ ತರಬಹುದು' ಅನ್ನುವ ಪಟ್ಟಿಯಲ್ಲಿಟ್ಟಿತು. ಉರಿಯಲ್ಲಿ ಕರಕಲಾದ ಭಾಗ ತೆಗೆದು ತಿನ್ನಿ, ತುಂಡುಗಳನ್ನು ಆಗಾಗ ಮಗುಚಿ ಅಂತಲೂ ಬರೆದಳು. ಚಿಕ್ಕಪ್ಪ ಅದಕ್ಕೆ ಕೈಮುಗಿದ ಗುರುತು ಹಾಕಿ ಮತ್ತೆ ಮದುವೆಗೆ ಹೋದರು.

ಸಂಜೆ ಎಲ್ಲವನ್ನೂ ಮೇಲಿಂದ ಓದಿದೆ. ಆಗಲೇ ಕಂಡಿದ್ದು. ಎಂಟೂ ಹತ್ತಕ್ಕೆ ಅಮ್ಮ ಒಂದು ಸಾಲು ಬರೆದಿದ್ದರು. ಅಮ್ಮ ಗ್ರೂಪಿನಲ್ಲಿ ಹುಟ್ಟುಹಬ್ಬಕ್ಕೆ ಬಿಟ್ಟರೆ ಬರೆಯೋದೇ ಇಲ್ಲ.

"ಪುಟ್ಟಿ ಮಾಂಸ ತಿಂದಿಲ್ಲ ಎಲೆಕೋಸು ಈರುಳ್ಳಿ ಮಾತ್ರ ತಿಂದಳು ಅವಳಿಗೆ ಏನೂ ಆಗಲ್ವಾ"

ಅದರ ಮೇಲೆ ನಿಂಬೆ ಸೋಡ, ಕೆಳಗೆ ಅಜ್ಜಿಯ ಅಟ್ಟ. ಯಾರೂ ನೋಡಿರಲಿಲ್ಲ. ಪುಟ್ಟಿ ನನ್ನ ಮಗಳು, ನಾನೇ ನೋಡಿರಲಿಲ್ಲ. ಅಮ್ಮ ಇಡೀ ದಿನ ಆ ಭಯ ಇಟ್ಟುಕೊಂಡೇ ಕೆಲಸ ಮಾಡಿದ್ದಾರೆ ಅಂತ ಅನಿಸಿ ಹೊಟ್ಟೆ ಕಲಸಿತು.

ನಿಜ ಹೇಳಬೇಕಂದ್ರೆ ಇಡೀ ಗ್ರೂಪಿನಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅಮ್ಮ ಒಬ್ಬರೇ. ಆ ಕಾಯಿಲೆ ಸುಳ್ಳಲ್ಲ. ಹಂದಿಯ ಲಾಡಿಹುಳುವಿನದ್ದು. ಮಾಂಸದಲ್ಲಿ ಅದರ ಗುಳ್ಳೆಗಳಿದ್ದು, ಸರಿಯಾಗಿ ಬೇಯಿಸದೆ ತಿಂದರೆ ಹುಳ ನಮ್ಮ ಕರುಳಿನಲ್ಲಿ ಬೆಳೆಯುತ್ತದೆ. ಆದರೆ ತಲೆಗೆ ಹೋಗೋದು ಆ ಹುಳುವಿನ ಮೊಟ್ಟೆ ಹೊಟ್ಟೆಗೆ ಸೇರಿದಾಗ. ಮೊಟ್ಟೆ ಬರೋದು ಹುಳ ಇರುವ ಮನುಷ್ಯನ ಮಲದಿಂದ. ಅವನು ಕೈ ತೊಳೆಯದೆ ಈರುಳ್ಳಿ ಹೆಚ್ಚಿದರೆ, ಕೊಳಕು ನೀರು ಹಸಿ ತರಕಾರಿಗೆ ತಾಗಿದರೆ, ಹಂದಿ ಮುಟ್ಟದವರಿಗೂ ಬರಬಹುದು. ಫಿಟ್ಸ್ ಬರೋದಕ್ಕೂ ಇದು ಒಂದು ಕಾರಣ. ತಂಗಿ ಬೆಳಿಗ್ಗೆಯೇ ಬರೆದಿದ್ದು ಇದನ್ನೇ: ಹಂದಿ ತುಂಡಿನ ಒಳಗಿನ ಬಿಸಿ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಬಿಡಬೇಕು, ಕೋಳಿ 74 ಡಿಗ್ರಿ, ಅದಕ್ಕಿಂತ ಮುಖ್ಯ ಅಡುಗೆಯವರ ಕೈ.

ನಾನು ಗ್ರೂಪಿನಲ್ಲಿ ಬರೆಯಲಿಲ್ಲ, ಅಮ್ಮನ ಹತ್ತಿರ ಹೋದೆ. ಅಡುಗೆಮನೆಯಲ್ಲಿ ಎಲೆಕೋಸಿನ ಒಂದೊಂದೇ ಎಲೆ ಬಿಡಿಸಿ ನಲ್ಲಿ ಕೆಳಗೆ ತೊಳೆಯುತ್ತಿದ್ದರು. ಹೀಗೆ ಹೀಗೆ ಅಂತ ಎಲ್ಲ ಹೇಳಿದೆ. ಹಾಗಾದ್ರೆ ಆ ಒಲೆ ಹುಡುಗ ಕೈ ತೊಳೆದಿದ್ದನಾ ಅಂದರು.

ಒಲೆಯ ಹಿಂದೆ ನಲ್ಲಿ ಇತ್ತು. ಅದಕ್ಕೆ ಬಲೆ ಚೀಲದಲ್ಲಿ ಒಂದು ಸೋಪು ಕಟ್ಟಿದ್ದರು. ಪುಟ್ಟಿಯ ಕೈ ತೊಳೆಸಲು ಕರೆದುಕೊಂಡು ಹೋಗಿದ್ದು ಅಮ್ಮನೇ.

"ಆ ಸೋಪು ಹೇಗಿತ್ತಮ್ಮ?"

ಅಮ್ಮ ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು.

"ಒದ್ದೆ ಇತ್ತು" ಅಂದರು. "ತೆಳ್ಳಗೆ, ಎಲೆ ತರ ಸವೆದಿತ್ತು."

ಆಮೇಲೆ, ದೊಡ್ಡತ್ತೆಗೆ ಫೋನ್ ಹಚ್ಚಿ ಕೊಡು ಅಂದರು.