‘ಹೌಸ್’ ಎಂಬುದಕ್ಕೆ ಏನನ್ನೋಣ: ಮನೆಯೇ, ಮನೆತನವೇ, ಘರಾಣೆಯೇ?

ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕಿನ ಬಾಲ್‌ರೂಂ ಲೋಕದ, ಅಂದರೆ ಕಪ್ಪು ಮತ್ತು ಲ್ಯಾಟಿನೊ ಸಲಿಂಗ ಪ್ರೇಮಿಗಳು, ಟ್ರಾನ್ಸ್ ಜನ ‘ಹೌಸ್’ ಎಂಬ ಗುಂಪುಗಳಾಗಿ ಸೇರಿ ನಡೆಸುವ ಉಡುಗೆ, ನಡಿಗೆ, ಕುಣಿತದ ಸ್ಪರ್ಧೆಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಉಡುಗೆಯೇ ಕಲೆ. ಹೊಲಿಯುವವರು, ಬಣ್ಣ ಹಚ್ಚುವವರು, ತೊಟ್ಟು ನಡೆಯುವವರು, ಸುತ್ತ ನಿಂತು ಕೇಕೆ ಹಾಕುವವರು ಎಲ್ಲ ಸೇರಿದರೇ ಅದು ಪೂರ್ತಿಯಾಗುವುದು. ದೊಡ್ಡ ದೊಡ್ಡ ಪಾರಿಭಾಷಿಕ ಪದಗಳನ್ನೆಲ್ಲ ಹೇಗೋ ದಾಟಿ ಬಂದವನು ತೀರಾ ಪುಟ್ಟ ಪದವೊಂದರ ಮುಂದೆ ನಿಂತುಬಿಟ್ಟಿದ್ದೇನೆ: ‘ಹೌಸ್’.

ಈ ಪದಕ್ಕೆ ಎರಡು ತವರು. ಒಂದು ಪ್ಯಾರಿಸ್. 1858ರಲ್ಲಿ ಚಾರ್ಲ್ಸ್ ಫ್ರೆಡೆರಿಕ್ ವರ್ತ್ ಅಲ್ಲಿ ತೆರೆದಂಥ ಉಡುಪಿನ ಸಂಸ್ಥೆಗೆ ಫ್ರೆಂಚಿನಲ್ಲಿ ‘ಮೆಜೋಂ’ ಎನ್ನುತ್ತಾರೆ. ಅರ್ಥ ಮನೆ ಎಂದೇ. ಬಾಗಿಲ ಮೇಲೆ ಒಬ್ಬರ ಹೆಸರು, ಒಳಗೆ ಹೊಲಿಗೆ ಕಸೂತಿ ಮಾಡುವವರು ಹಲವರು. ಅವರಿಗೆ ‘ಪುಟ್ಟ ಕೈಗಳು’ ಎಂಬ ಹೆಸರಿದೆ. ಬಟ್ಟೆಯೆಲ್ಲ ಆ ಕೈಗಳದ್ದೇ, ಆದರೂ ಪುಟ್ಟವಂತೆ!

ಇನ್ನೊಂದು ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯೆಂದು ಹೆಸರಾದ ಹಾರ್ಲೆಮ್. ಡ್ರ್ಯಾಗ್ (ಹೆಚ್ಚಾಗಿ ಇನ್ನೊಂದು ಲಿಂಗದವರ ಉಡುಗೆ ಅಲಂಕಾರ ತೊಟ್ಟು ಪ್ರದರ್ಶಿಸುವ ಕಲೆ) ಸ್ಪರ್ಧೆಗಳಲ್ಲಿ ಕಪ್ಪು ಜನರಿಗೆ ನ್ಯಾಯ ಸಿಗುವುದಿಲ್ಲವೆಂದು ಸಿಡಿದೆದ್ದ ಡ್ರ್ಯಾಗ್ ಕಲಾವಿದೆ ಕ್ರಿಸ್ಟಲ್ ಲಬೇಜಾ 1970ರ ದಶಕದ ಆರಂಭದಲ್ಲಿ ತಮ್ಮದೇ ‘ಹೌಸ್ ಆಫ್ ಲಬೇಜಾ’ ಕಟ್ಟಿದರು. ಅದರ ಹಿಂದೆಯೇ ಇನ್ನಷ್ಟು ಹೌಸ್‌ಗಳು ಬಂದವು; ಕೆಲವು ಶನೆಲ್, ಸೇಂಟ್ ಲೊರಾಂ, ಬಲೆನ್ಸಿಯಾಗ ಎಂದು ಪ್ಯಾರಿಸ್ಸಿನ ಉಡುಪಿನ ಸಂಸ್ಥೆಗಳ ಹೆಸರುಗಳನ್ನೇ ಇಟ್ಟುಕೊಂಡವು. ಇಲ್ಲಿ ಹೌಸಿಗೆ ಒಬ್ಬ ‘ತಾಯಿ’, ಕೆಲವೆಡೆ ಒಬ್ಬ ‘ತಂದೆ’, ಉಳಿದವರು ‘ಮಕ್ಕಳು’. ಹೆತ್ತವರು ಹೊರಗಟ್ಟಿದ ಕಪ್ಪು ಮತ್ತು ಲ್ಯಾಟಿನೊ ಹುಡುಗ ಹುಡುಗಿಯರು ಎಷ್ಟೋ ಮಂದಿ ಅಲ್ಲಿ ಊಟ ಕಂಡರು, ಹೊಲಿಗೆ ಕಲಿತರು, ಹೊಸ ಹೆಸರು ಪಡೆದರು. ದುಬಾರಿ ಅಂಗಡಿಯ ಹೆಸರು ಬೀದಿಗೆ ಬಿದ್ದವರ ಕುಟುಂಬದ ಹೆಸರಾದದ್ದು ಹೀಗೆ. ಆ ತುಂಟತನ ಕನ್ನಡದಲ್ಲಿ ಉಳಿಯಬೇಕಾದರೆ ಎರಡೂ ಕಡೆಗೆ ಒಂದೇ ಪದ ಬೇಕು.

‘ಸಂಸ್ಥೆ’ ಪ್ಯಾರಿಸ್ಸಿಗೆ ಸರಿ, ಹಾರ್ಲೆಮ್ಮಿಗೆ ರಸೀದಿ ಪುಸ್ತಕದ ವಾಸನೆ. ‘ಬಳಗ’ ಇದಕ್ಕೆ ತಿರುಗಾಮುರುಗಾ. ‘ಮನೆತನ’ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ, ಕಿವಿಗೂ ಚೆನ್ನಾಗಿತ್ತು. ಆದರೆ ಮನೆತನ ಎಂದೊಡನೆ ರಕ್ತ, ಆಸ್ತಿ, ಗೌರವ ಎಲ್ಲ ಹಿಂದೆಯೇ ಬರುತ್ತವೆ. ‘ಮನೆತನದ ಮರ್ಯಾದೆ’ಯ ಹೆಸರಿನಲ್ಲೇ ಅಲ್ಲವೇ ಇಂಥವರನ್ನು ಹೊರಹಾಕುವುದು? ಅದೇ ಪದವನ್ನು ಅವರ ತಲೆಯ ಮೇಲೆ ಹೊರಿಸಲು ಮನಸ್ಸು ಬರಲಿಲ್ಲ.

‘ಘರಾಣೆ’ಯ ವಾದ ಗಟ್ಟಿಯಾಗಿದೆ. ಹಿಜಡಾ ಸಮುದಾಯದಲ್ಲಿ ಘರಾನಾಗಳಿವೆ, ಗುರು ಚೇಲಾ ಸಂಬಂಧವಿದೆ. ಹುಟ್ಟಿನಿಂದಲ್ಲದೆ ಒಪ್ಪಿಕೊಳ್ಳುವುದರಿಂದ ಬರುವ ನಂಟು. ಪರಿಕಲ್ಪನೆ ಹತ್ತಿರ ಹತ್ತಿರ ಅದೇ. ತೊಡಕೆಂದರೆ ಕನ್ನಡ ಓದುಗನಿಗೆ ಘರಾಣೆ ಎಂದರೆ ಕಿರಾಣಾ, ಗ್ವಾಲಿಯರ್. ತಂಬೂರಿ ಶ್ರುತಿ ಶುರುವಾಗಿಬಿಡುತ್ತದೆ. ಜೊತೆಗೆ ಒಂದು ಸಮುದಾಯದ ಬದುಕಿನ ಪದವನ್ನು ಇನ್ನೊಂದಕ್ಕೆ ಅಂಟಿಸಿದರೆ ಎರಡರ ಬೇರೆತನವೂ ಮಸುಕಾಗುತ್ತದೆ.

ಹೀಗೆ ಸುತ್ತಿ ಬಂದು ನಿಂತದ್ದು ಬರಿಯ ‘ಮನೆ’ಯಲ್ಲಿ. ‘ಮನೆ ಬಿಟ್ಟವರು ಮನೆ ಕಟ್ಟಿದರು’ ಎಂದಾಗ ಎಲ್ಲವೂ ಬಂದಂತೆ ತೋರಿತು. ಗರಡಿಮನೆ, ಅರಮನೆ ಎಂದೆಲ್ಲ ವಾಸ, ವಿದ್ಯೆ, ವೈಭವಗಳನ್ನು ಈ ಪದ ಮೊದಲಿನಿಂದಲೂ ಹೊತ್ತುಕೊಂಡೇ ಬಂದಿದೆ. ಆದರೂ ‘ಶನೆಲ್ ಮನೆಯವರು’ ಎಂದು ಬರೆದು ಓದಿಕೊಂಡೆ, ನಗು ಬಂತು: ಶನೆಲ್ ಅವರ ಗಂಡನೋ ಹೆಂಡತಿಯೋ ಎಂಬಂತಿದೆ! ‘ಶನೆಲ್ ಮನೆಯ ಮಕ್ಕಳು’ ಎಂದರೆ ಈ ತಾಪತ್ರಯವಿಲ್ಲ. ಎಲ್ಲ ಕಡೆ ಹಾಗೆ ಹೊಂದುವುದೇ?

ಇದರ ಜೊತೆಗೇ ಒಂದು ಮರಿ ಪ್ರಶ್ನೆ. ಡ್ರ್ಯಾಗ್‌ಗೆ ‘ವೇಷ’ ಎನ್ನಲು ಹಿಂಜರಿಯುತ್ತಿದ್ದೇನೆ. ವೇಷಧಾರಿ ಎಂದರೆ ಸೋಗಿನವನು, ವೇಷ ಮರೆಸುವುದೆಂದರೆ ಅಡಗುವುದು. ಇವರಾದರೋ ಮರೆಸುವವರಲ್ಲ, ಮೆರೆಯುವವರು. ಹಾಗಾಗಿ ಸ್ಪರ್ಧೆಯಲ್ಲಿ ಅವರು ಎಲ್ಲರೆದುರು ನಡೆಯುವ ಆ ನಡಿಗೆಗೆ ‘ಮೆರವಣಿಗೆ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಒಬ್ಬರೇ ನಡೆದರೆ ಮೆರವಣಿಗೆ ಆದೀತೇ? ಸಲಿಂಗ ಪ್ರೇಮಿಗಳು, ಟ್ರಾನ್ಸ್ ಜನ ಮೊದಲಾದವರು ತಮ್ಮನ್ನು ಕರೆದುಕೊಳ್ಳುವ ‘ಕ್ವಿಯರ್’ ಪದವನ್ನು ಮಾತ್ರ ಮುಟ್ಟುವುದಿಲ್ಲ, ಹಾಗೇ ಇರಲಿ. ಬೈಗುಳವನ್ನೇ ಕಿತ್ತುಕೊಂಡು ಹೆಸರಾಗಿಸಿಕೊಂಡವರಿಗೆ ನಾನೊಬ್ಬ ಹೊಸ ಹೆಸರಿಡಲಾರೆ.

‘ಮನೆ’ಗಿಂತ ಒಪ್ಪುವ ಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಇದ್ದರೆ ಬಳಕೆಯ ವಾಕ್ಯದ ಸಮೇತ ತಿಳಿಸಿ.