ಕ್ಷಯದ ರೋಗಾಣುವಿನೊಳಗೆ ಔಷಧ ಹೇಗೆ ಸೇರುತ್ತದೆ?

ಪ್ರಶ್ನೆ (ಗದಗ):
ನನ್ನ ತಮ್ಮನಿಗೆ ಶ್ವಾಸಕೋಶದ ಕ್ಷಯವೆಂದು ಗೊತ್ತಾಗಿ ಗುಳಿಗೆ ಶುರುವಾದ ಮೇಲೆ ಎರಡು ತಿಂಗಳು ತುಂಬಿವೆ. ಜ್ವರ, ಕೆಮ್ಮು ನಿಂತಿವೆ, ತೂಕವೂ ಏರುತ್ತಿದೆ; ಆದರೂ ಇನ್ನೂ 4 ತಿಂಗಳು ಗುಳಿಗೆ ನುಂಗಲೇಬೇಕೆಂದು ವೈದ್ಯರು ಹೇಳಿದ್ದಾರೆ. ಬೇರೆ ಎಷ್ಟೋ ಸೋಂಕುಗಳಿಗೆ ಐದಾರು ದಿನ ಸಾಕಾಗುವಾಗ ಇದಕ್ಕೇಕೆ ಇಷ್ಟು ಕಾಲ? ಈ ರೋಗಾಣು ಔಷಧವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲವೆ?

ಉತ್ತರ (ಧಾರವಾಡ):
ಬಿಟ್ಟುಕೊಳ್ಳುತ್ತದೆ, ಆದರೆ ಸುಲಭವಾಗಿ ಅಲ್ಲ. ನಾನು ಕಾಲೇಜಿನಲ್ಲಿ ಸೂಕ್ಷ್ಮಾಣುಜೀವಿಶಾಸ್ತ್ರ ಕಲಿಸುತ್ತೇನೆ. ಕಫದ ಲೇಪನಕ್ಕೆ ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮ್ಲದಿಂದ ತೊಳೆದ ಮೇಲೂ ಕ್ಷಯದ ರೋಗಾಣು ಮಾತ್ರ ಕೆಂಪಾಗಿಯೇ ಉಳಿದಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ, ಈ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಕಣ್ಣಿಗೆ ಬೀಳುತ್ತದೆ. ಅದರ ಕೋಶಭಿತ್ತಿಯ ಹೊರಭಾಗದಲ್ಲಿ ಮೈಕೋಲಿಕ್ ಆಮ್ಲಗಳೆಂಬ, 60ರಿಂದ 90 ಇಂಗಾಲದ ಪರಮಾಣುಗಳುಳ್ಳ ಉದ್ದನೆಯ ಕೊಬ್ಬಿನ ಅಣುಗಳು ಒತ್ತೊತ್ತಾಗಿ ಜೋಡಿಸಿಕೊಂಡು ಮೇಣದಂಥ ಪದರವಾಗಿವೆ. ಕ್ಷಯದ ಔಷಧಗಳಲ್ಲಿ, ಕೊಬ್ಬಿನೊಡನೆ ಬೆರೆಯಬಲ್ಲ ರಿಫಾಂಪಿಸಿನ್ ಆ ಪದರದ ಮೂಲಕವೇ ಇಳಿಯುತ್ತದೆ. ನೀರಿನಲ್ಲಿ ಕರಗುವ ಐಸೋನಿಯಾಜಿಡ್ ತೀರ ಪುಟ್ಟ ಅಣುವಾದ್ದರಿಂದ ನುಸುಳಿಕೊಳ್ಳುತ್ತದೆ. ಎಥಾಂಬುಟಾಲ್ ಭಿತ್ತಿಯ ಸಕ್ಕರೆ ಸರಪಳಿಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ.

ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಐಸೋನಿಯಾಜಿಡ್. ಒಳಹೊಕ್ಕಾಗ ಅದು ನಿಷ್ಕ್ರಿಯ. ರೋಗಾಣುವಿನದೇ ಕ್ಯಾಟ್‌ಜಿ ಎಂಬ ಕಿಣ್ವ ಅದನ್ನು ಸಕ್ರಿಯಗೊಳಿಸಿದ ನಂತರವೇ ಅದು ಮೈಕೋಲಿಕ್ ಆಮ್ಲದ ತಯಾರಿಕೆಯನ್ನು ನಿಲ್ಲಿಸುತ್ತದೆ. ಆ ಕಿಣ್ವದ ಜೀನ್ ಕೆಟ್ಟರೆ ಔಷಧ ಒಳಗಿದ್ದೂ ಕೆಲಸ ಮಾಡದು. ಸಾಲದ್ದಕ್ಕೆ, ಒಳಬಂದ ಔಷಧವನ್ನು ಹೊರದೂಡುವ ಪಂಪುಗಳೂ ಭಿತ್ತಿಯ ಒಳಗಿನ ಕೋಶಪೊರೆಯಲ್ಲಿವೆ. ಆದ್ದರಿಂದಲೇ ಒಂದೇ ಔಷಧವನ್ನು ನಂಬಿ ಕೂರುವುದಿಲ್ಲ.

ಉತ್ತರ (ಹುಬ್ಬಳ್ಳಿ):
ಮೇಲಿನವರು ಭಿತ್ತಿಯ ಬಗ್ಗೆ ಬರೆದಿದ್ದಾರೆ; ಅಲ್ಲಿಯವರೆಗೆ ತಲುಪುವುದೇ ಔಷಧಕ್ಕೆ ಕಷ್ಟ. ಎಷ್ಟೋ ರೋಗಾಣುಗಳು ನಮ್ಮದೇ ರಕ್ಷಕ ಕೋಶಗಳ ಒಳಗೆ ಅಡಗಿರುತ್ತವೆ, ಕೆಲವು ರಕ್ತನಾಳಗಳೇ ಇಲ್ಲದ ಸತ್ತ ಅಂಗಾಂಶದ ಗಂಟುಗಳಲ್ಲಿರುತ್ತವೆ. ಬೆಳೆಯುವ ಕ್ಷಯದ ರೋಗಾಣುವೂ ಒಮ್ಮೆ ಇಬ್ಭಾಗವಾಗಲು ಸುಮಾರು 20 ತಾಸು ತೆಗೆದುಕೊಳ್ಳುತ್ತದೆ. ಬೆಳೆಯದೆ ಸುಮ್ಮನಿರುವುದರ ಮೇಲೆ, ಬೆಳವಣಿಗೆಗೆ ಪೆಟ್ಟು ಕೊಡುವ ಔಷಧ ಹೆಚ್ಚೇನೂ ಮಾಡದು. ನಿಮ್ಮ ತಮ್ಮನಿಗೆ ಹಿತವೆನಿಸಿರುವುದು ಬೇಗ ಬೆಳೆಯುವವು ಸತ್ತಿರುವುದರಿಂದ. ಉಳಿದ 4 ತಿಂಗಳು ಬೇಕಾಗಿರುವುದು ಹಿಂದೆ ಉಳಿದವುಗಳಿಗಾಗಿ.

ಉತ್ತರ (ಹಾವೇರಿ):
ನಾನು ಮೂರನೆಯ ತಿಂಗಳಿಗೆ ಗುಳಿಗೆ ಬಿಟ್ಟವನು. ವರ್ಷದೊಳಗೆ ಕೆಮ್ಮು ಮರಳಿತು; ಮತ್ತೆ ಕಫ ಪರೀಕ್ಷೆ, ಮತ್ತೆ ಮೊದಲಿನಿಂದ ಚಿಕಿತ್ಸೆ. ದಯವಿಟ್ಟು ತಮ್ಮನಿಗೆ ಇದನ್ನು ಹೇಳಿರಿ. ಊಟದೊಡನೆ ನುಂಗಿದರೆ ರಿಫಾಂಪಿಸಿನ್ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ನಾನು ಎರಡನೆಯ ಸಲ ರೊಟ್ಟಿ ಉಣ್ಣುವ ಒಂದು ತಾಸು ಮೊದಲೇ ನುಂಗುತ್ತಿದ್ದೆ. ಮೂತ್ರ ಕೆಂಪಾದುದನ್ನು ಕಂಡು ಅವರು ಹೆದರಬಾರದು, ಅದು ಆ ಔಷಧದ ಬಣ್ಣ.

ಪ್ರಶ್ನೆ ಕೇಳಿದವರು (ಗದಗ):
ಅವನು ಇಷ್ಟು ದಿನ ಊಟವಾದ ಕೂಡಲೇ ನುಂಗುತ್ತಿದ್ದ. ನಾಳೆ ವೈದ್ಯರನ್ನು ಕೇಳಿ ಹೊತ್ತು ಬದಲಿಸುತ್ತೇವೆ.