ಗ್ರಾಂ ಸ್ಟೇನ್ ಮಾಡಿದರೆ ಎಲ್ಲವೂ ನೇರಳೆ, ತಪ್ಪು ಎಲ್ಲಿ?

ಪ್ರಶ್ನೆ, ಚಿಕ್ಕಮಗಳೂರಿನಿಂದ: ಕಾಫಿ ಹಣ್ಣು ಪಲ್ಪ್ ಆದಮೇಲೆ ಹುದುಗು ತೊಟ್ಟಿಯ ಲೋಳೆಯಿಂದ ಸ್ಮಿಯರ್ (ಸ್ಲೈಡಿಗೆ ಸವರಿದ ಪದರ) ಮಾಡಿ ಗ್ರಾಂ ಸ್ಟೇನ್ (ನೇರಳೆ ಉಳಿದರೆ ಗ್ರಾಂ ಪಾಸಿಟಿವ್, ಗುಲಾಬಿಯಾದರೆ ಗ್ರಾಂ ನೆಗೆಟಿವ್ ಎಂದು ಬ್ಯಾಕ್ಟೀರಿಯಾ ಗುರುತಿಸುವ ಬಣ್ಣದ ಪರೀಕ್ಷೆ) ಹಾಕಿದೆ. ಮೂರು ಸ್ಲೈಡಿನಲ್ಲೂ ಬರೀ ನೇರಳೆ, ಗುಲಾಬಿ ಒಂದೂ ಇಲ್ಲ. ಮಾಡಿ ನೋಡಿದವರು ತಿಳಿಸಿ.

ಹಾಸನದಿಂದ: ಸ್ಮಿಯರ್ ದಪ್ಪವಾಗಿರಬೇಕು. ಲೋಳೆಯನ್ನು ಹಾಗೇ ಸವರಿದರೆ ಅದರ ಪೆಕ್ಟಿನ್ (ಹಣ್ಣಿನ ಅಂಟು) ಬಣ್ಣ ಹಿಡಿದುಕೊಳ್ಳುತ್ತದೆ, ಬಣ್ಣ ತೊಳೆಯುವ ಆಲ್ಕೋಹಾಲ್ ಒಳಗಿಳಿಯುವುದಿಲ್ಲ. 0.85% ಉಪ್ಪುನೀರಿನಲ್ಲಿ ಹತ್ತು ಪಟ್ಟು ತೆಳುಮಾಡಿ, ಒಂದೇ ಲೂಪ್ (ತುದಿ ಬಳೆಯಾದ ತಂತಿ) ತುಂಬ ಸವರಿ. ಒಣಗಿದ ಸ್ಮಿಯರಿನ ಕೆಳಗೆ ಪತ್ರಿಕೆ ಇಟ್ಟರೆ ಅಕ್ಷರ ಓದಲು ಬರಬೇಕು. ತಾನಾಗಿ ಒಣಗಲಿ, ಆಮೇಲೆ ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸಿದರೆ ಸಾಕು. ಹೆಚ್ಚು ಕಾಯಿಸಿದರೆ ಕೋಶಗೋಡೆ ಕೆಟ್ಟು, ನೇರಳೆಯಾಗಬೇಕಾದದ್ದೂ ಗುಲಾಬಿಯಾಗುತ್ತದೆ.

ಮೂಡಿಗೆರೆಯಿಂದ: ನನಗೆ ಅನುಮಾನ ಆಲ್ಕೋಹಾಲ್ ಹಂತದ ಮೇಲೆ. ಕ್ರಿಸ್ಟಲ್ ವಯೊಲೆಟ್ (ನೇರಳೆ ಬಣ್ಣ) 1 ನಿಮಿಷ, ಅಯೋಡಿನ್ 1 ನಿಮಿಷ, ಕೊನೆಗೆ ಸಫ್ರಾನಿನ್ (ಗುಲಾಬಿ ಬಣ್ಣ) 1 ನಿಮಿಷ. ಇವುಗಳಲ್ಲಿ ಹತ್ತು ಸೆಕೆಂಡ್ ಆಚೀಚೆಯಾದರೂ ನಡೆಯುತ್ತದೆ. ನಡುವಿನ 95% ಆಲ್ಕೋಹಾಲಿನಲ್ಲಿ ನಡೆಯುವುದಿಲ್ಲ. ವಯೊಲೆಟ್ ಮತ್ತು ಅಯೋಡಿನ್ ಸೇರಿ ಕೋಶದೊಳಗೆ ದೊಡ್ಡ ಸಂಕೀರ್ಣವಾಗುತ್ತವೆ. ಗ್ರಾಂ ಪಾಸಿಟಿವ್‌ನ ದಪ್ಪ ಪೆಪ್ಟಿಡೋಗ್ಲೈಕನ್ ಗೋಡೆ ಆಲ್ಕೋಹಾಲಿಗೆ ನೀರು ಕಳೆದುಕೊಂಡು ಬಿಗಿದು ಅದನ್ನು ಹಿಡಿದಿಡುತ್ತದೆ. ನೆಗೆಟಿವ್‌ನಲ್ಲಿ ಹೊರಪೊರೆಯ ಕೊಬ್ಬು ಕರಗಿ, ತೆಳು ಗೋಡೆಯಿಂದ ಬಣ್ಣ ಸೋರಿಹೋಗುತ್ತದೆ. ಆದ್ದರಿಂದ ಗಡಿಯಾರಕ್ಕಿಂತ ಸ್ಲೈಡ್ ನೋಡಿ: ಓರೆ ಹಿಡಿದು ಹನಿಹನಿ ಬಿಡಿ, ಇಳಿಯುವ ಹನಿ ತಿಳಿಯಾದ ತಕ್ಷಣ ನೀರು ಹಾಕಿ. ತೆಳು ಸ್ಮಿಯರಿಗೆ ಸಾಮಾನ್ಯವಾಗಿ 10ರಿಂದ 20 ಸೆಕೆಂಡ್.

ಬೇಲೂರಿನಿಂದ: ಕಂಟ್ರೋಲ್ (ಯಾವ ಬಣ್ಣ ಬರಬೇಕೆಂದು ಮೊದಲೇ ಗೊತ್ತಿರುವ ಮಾದರಿ) ಇಲ್ಲದ ಸ್ಲೈಡನ್ನು ನಂಬಲೇಬೇಡಿ. ಒಂದೇ ಸ್ಲೈಡಿನಲ್ಲಿ ಮೂರು ಚುಕ್ಕೆ ಇಡಿ: ಎಡಕ್ಕೆ ಹೊಸ ಮೊಸರಿನ ತಿಳಿನೀರು (ನೇರಳೆ ಬರಬೇಕು), ಬಲಕ್ಕೆ ಬೆಳೆಸಿ 24 ಗಂಟೆ ದಾಟದ ಇ. ಕೋಲೈ ಬ್ಯಾಕ್ಟೀರಿಯಾ (ಗುಲಾಬಿ ಬರಬೇಕು), ನಡುವೆ ನಿಮ್ಮದು. ಇ. ಕೋಲೈ ನೇರಳೆಯಾಗಿದ್ದರೆ ಆಲ್ಕೋಹಾಲ್ ಸಾಲಲಿಲ್ಲ, ಮೊಸರಿನದು ಗುಲಾಬಿಯಾದರೆ ಹೆಚ್ಚಾಯಿತು. ಹುಳಿಯೆದ್ದ ಹಳೇ ಮೊಸರು ಬೇಡ, ಸತ್ತ ಕೋಶಗಳು ಬಣ್ಣ ಬಿಟ್ಟುಕೊಡುತ್ತವೆ.

ಮತ್ತೆ ಹಾಸನದಿಂದ: ಇನ್ನೊಂದು ಮಾತು, ತೊಟ್ಟಿಯಲ್ಲಿ ಯೀಸ್ಟ್ ಕೂಡ ಇರುತ್ತದೆ, ಅದೂ ನೇರಳೆಯೇ. 100x ಎಣ್ಣೆ ಲೆನ್ಸಿನಲ್ಲಿ ಗಾತ್ರ ನೋಡಿ: 5 ಮೈಕ್ರಾನಿನಷ್ಟು ದೊಡ್ಡ, ಮೊಗ್ಗು ಕಟ್ಟಿದ ಅಂಡಾಕಾರ ಕಂಡರೆ ಬ್ಯಾಕ್ಟೀರಿಯಾ ಲೆಕ್ಕಕ್ಕೆ ಸೇರಿಸಬೇಡಿ. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ನೇರಳೆ, ಅಸಿಟಿಕ್ ಆಮ್ಲದವು ಗುಲಾಬಿ. ಆಮೇಲೂ ಸಂಶಯವಿದ್ದರೆ ಬೆಳೆಸಿದ ಕಾಲೊನಿಯನ್ನು (ಬ್ಯಾಕ್ಟೀರಿಯಾದ ಗುಂಪನ್ನು) 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಕಲಸಿ ಲೂಪ್ ಮೇಲೆತ್ತಿ. ಒಂದು ನಿಮಿಷದೊಳಗೆ ಎಳೆ ಎಳೆಯಾಗಿ ಬಂದರೆ ಅದು ಗ್ರಾಂ ನೆಗೆಟಿವ್.